ಹಾಲುಬಣ್ಣದ ಸೀರೆ

ಉಮೇಶನ ಅಂಗಿಗೆ ಎಷ್ಟು ಬಿತ್ತು ಎಂದು ಮಾಲೂರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳಬೇಕು ಅನ್ನಿಸುವ ಹಾಗೆ ಅದು ಇರುತ್ತಲೂ ಇರಲಿಲ್ಲ. ಒಗೆದು ಒಗೆದು ಬಣ್ಣ ಬಿಟ್ಟಂತಿರುವ ಬೂದಿಬಣ್ಣ, ಇಸ್ತ್ರಿ ಮಾಡಿದರೂ ಮಾಡಿಲ್ಲವೆನ್ನಿಸುವ ಸುಕ್ಕು, ಜೇಬಿನ ಮೇಲೆ ಹೆಸರಿಲ್ಲ, ಗುರುತಿಲ್ಲ. ಕೆಳಗೆ ಮಣ್ಣಿನ ಬಣ್ಣದ ಸಡಿಲ ಪ್ಯಾಂಟು. ಕಾಲಿಗೆ ಸಂತೆಯಲ್ಲಿ ಕೊಂಡಂತೆ ಕಾಣುವ ಚಪ್ಪಲಿ. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಗೋಪಿ ಒಮ್ಮೆ ಲೋಟ ಕೈಗಿಡುತ್ತಾ, "ಯಾಕಣ್ಣಾ, ಮೈಯಾಗೆ ಹುಷಾರಿಲ್ವಾ?" ಎಂದು ಕೇಳಿದ್ದ. ಆ ಗೋಪಿ ತಿಂಗಳಿಡೀ ಟೀ ಕಾಸಿ ದುಡಿಯುವಷ್ಟನ್ನು ಉಮೇಶ ಆ ಹೊತ್ತಿನಲ್ಲಿ ಮೈಮೇಲೆ ಹಾಕಿಕೊಂಡು ನಿಂತಿದ್ದ. ಹೇಳಿದರೆ ಬಟ್ಟೆಯ ಗತ್ತೇ ಹೋಯಿತು, ಹೇಳದಿದ್ದರೆ ಹೊಟ್ಟೆಯುಬ್ಬರ. "ಏನಿಲ್ಲ, ಚೆನ್ನಾಗೇ ಇದೀನಿ" ಎಂದು ಟೀ ಕುಡಿದು ಬಂದಿದ್ದ. ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡದ್ದು ಬೇರೆ ಮಾತು.

ಈ ಹುಚ್ಚು ಅವನಿಗೆ ಹತ್ತಿದ್ದು ಬೆಂಗಳೂರಿನ ಒಂದು ಮದುವೆಯಲ್ಲಿ. ಉಮೇಶನದು ಹೂವಿನ ವ್ಯಾಪಾರ. ಮಾಲೂರಿನ ಹತ್ತಿರ ಪ್ಲಾಸ್ಟಿಕ್ ಹೊದಿಸಿದ ಮನೆಗಳಲ್ಲಿ ಗುಲಾಬಿ ಬೆಳೆಯುತ್ತಿದ್ದ. ದೊಡ್ಡ ಹೋಟೆಲಿನ ಮದುವೆಗಳಿಗೆ ತಾನೇ ಹೋಗಿ ಮಂಟಪ ಕಟ್ಟಿಸಿ ಬರುತ್ತಿದ್ದ. ಅಂಥ ಒಂದು ಮಂಟಪದ ಬಳಿ ಗಡಿಬಿಡಿಯಲ್ಲಿ ಓಡಾಡುತ್ತಿದ್ದಾಗ, ಸುಕ್ಕು ಅಂಗಿ ಹಾಕಿಕೊಂಡು ಸುಮ್ಮನೆ ನಿಂತಿದ್ದ ಒಬ್ಬ ವಯಸ್ಸಾದವನ ಕೈಗೆ ಗುಲಾಬಿಯ ಹೊರೆ ತುರುಕಿ, "ಏಯ್, ನಿಂತ್ಕೊಂಡು ಏನ್ ನೋಡ್ತೀಯಾ, ಹಿಡ್ಕೋ ಇದನ್ನ" ಎಂದುಬಿಟ್ಟ. ಆ ಮನುಷ್ಯ ಮುಳ್ಳು ಚುಚ್ಚಿದರೂ ಹಿಡಿದುಕೊಂಡು ನಿಂತ. ಅವನೇ ಹುಡುಗಿಯ ತಂದೆ, ಹತ್ತಾರು ಕಾರ್ಖಾನೆಗಳ ಧಣಿ ಎಂದು ಮ್ಯಾನೇಜರ್ ಓಡಿ ಬಂದು ಹೇಳಿದಾಗ ಉಮೇಶನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಅಂಗಿ ಎಲ್ಲಿಯದು, ಎಷ್ಟರದು ಎಂಬುದನ್ನೂ ಅದೇ ಮ್ಯಾನೇಜರ್ ಪಿಸುಗುಟ್ಟಿದ.

ಬುದ್ಧಿವಂತನಾಗಿದ್ದರೆ, ಬಟ್ಟೆ ನೋಡಿ ಮನುಷ್ಯನನ್ನು ಅಳೆಯಬಾರದು ಎಂದು ಕಲಿತು ಮನೆಗೆ ಬರುತ್ತಿದ್ದ. ಉಮೇಶ ಕಲಿತದ್ದು ಬೇರೆ: ಅಂಥದೊಂದು ಅಂಗಿ ತನಗೂ ಬೇಕು. ಕಾರಿನ ಆಸೆ ಅವನಿಗಿರಲಿಲ್ಲ, ಹೂವಿನ ಗೂಡ್ಸ್ ಗಾಡಿಯಲ್ಲೇ ಎಲ್ಲ ಕಡೆ ಓಡಾಡುತ್ತಿದ್ದ. ಬಂಗಾರ ಹಾಕಿದವನಲ್ಲ, ಕುಡಿಯುವವನಲ್ಲ. ಇದೊಂದೇ ಹುಚ್ಚು. ಗೊತ್ತಿರುವವರು ನೋಡಿದರೆ ಗೊತ್ತಾಗಬೇಕು, ಮಿಕ್ಕವರಿಗೆ ಗೊತ್ತಾಗಬಾರದು. ಮಾಲೂರಿನಿಂದ ಮುಳಬಾಗಿಲಿನವರೆಗೆ ಗೊತ್ತಿರುವವರು ಒಬ್ಬರೂ ಇರಲಿಲ್ಲ ಎಂಬುದು ಅವನ ಹಣೆಬರಹ.

ಆ ಅಂಗಿಗಳನ್ನು ಬಿಡದೆ ನೋಡುತ್ತಿದ್ದವಳು ಒಬ್ಬಳಿದ್ದಳು. ಅವನ ಅಕ್ಕ, ಸುಗಟೂರಿನ ಭಾರತಮ್ಮ.

ಭಾರತಮ್ಮನಿಗೂ ಉಮೇಶನಿಗೂ ಬಹಳ ವರ್ಷಗಳ ಅಂತರ. ಟೇಕಲ್ ಬಳಿಯ ಊರಿನಲ್ಲಿ ಅವರ ತಾಯಿ ತೀರಿಕೊಂಡಾಗ ಉಮೇಶ ಇನ್ನೂ ಚಡ್ಡಿ ಹುಡುಗ. ಅವನಿಗೆ ಮುದ್ದೆ ನುಂಗುವುದನ್ನು ಕಲಿಸಿದವಳು, ಸ್ಕೂಲಿನ ಅಂಗಿಗೆ ಗುಂಡಿ ಹಚ್ಚಿದವಳು ಅಕ್ಕ. ತಾಯಿ ಹೋದ ವರ್ಷವೇ ಅವಳಿಗೆ ಮದುವೆಯಾಯಿತು. ಹೆಂಗಸರಿಲ್ಲದ ಮನೆ, ಅಪ್ಪನಿಗೆ ಕೈಕಾಲು ಆಡಲಿಲ್ಲ. ತವರಿನ ಸೀರೆ ತಟ್ಟೆಯಲ್ಲಿ ಬರಲೇ ಇಲ್ಲ. ಗಂಡಿನ ಕಡೆಯವರು ತಂದ ಸೀರೆಯಲ್ಲೇ ಭಾರತಮ್ಮ ಹಸೆಮಣೆ ಏರಿದಳು. ಅತ್ತೆ ದೊಡ್ಡವೆಂಕಟಮ್ಮ ಆ ಮಾತನ್ನು ಅಂದಿನಿಂದ ಇಂದಿನವರೆಗೂ ಉಪ್ಪಿನಕಾಯಿಯ ಹಾಗೆ ನೆಂಚಿಕೊಂಡೇ ಊಟ ಮಾಡಿದವರು. ಹಾಲು ಉಕ್ಕಿ ಚೆಲ್ಲಿದರೂ, ರೇಷ್ಮೆಹುಳುಗಳಿಗೆ ಸೊಪ್ಪು ತಡವಾದರೂ ಅವರ ಮಾತು ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು: "ಪುಟ್ಟಿನಿಲ್ಲು, ತವರು ಅಂತ ಒಂದಿದ್ರೆ ತಾನೇ ಬುದ್ಧಿ ಹೇಳಿ ಕಳ್ಸೋದು. ಒಂದು ಸೀರೆಗೂ ಗತಿ ಇಲ್ದೋರು."

ಅಪ್ಪನೂ ಹೋದ ಮೇಲೆ ತವರು ಎಂದರೆ ಉಮೇಶನೇ. ಕೋಲಾರದ ಮಾರುಕಟ್ಟೆಗೆ ಹೂವು ಇಳಿಸಿ ಬರುವಾಗ ಗಾಡಿ ತಿರುಗಿಸಿ ಸುಗಟೂರಿಗೆ ಹೋಗುತ್ತಿದ್ದ. ಭಾರತಮ್ಮ ಹುಳುಮನೆಯಿಂದ ಕೈ ಒರೆಸಿಕೊಂಡು ಬಂದವಳು ಮೊದಲು ನೋಡುತ್ತಿದ್ದದ್ದು ಅವನ ಕಾಲರು. ಎರಡು ಬೆರಳಲ್ಲಿ ಅಂಗಿಯ ಅಂಚು ಹಿಡಿದು, "ಇದನ್ನೇ ಹಾಕ್ತೀಯಲ್ಲೋ" ಎನ್ನುತ್ತಿದ್ದಳು. "ಇದು ಬೇರೆ ಕಣಕ್ಕಾ" ಎಂದರೆ ನಂಬುತ್ತಿರಲಿಲ್ಲ. ಊರೂರೇ ಬಾಗಿಲು ಹಾಕಿಕೊಂಡಿದ್ದ ಆ ರೋಗದ ವರ್ಷಗಳಲ್ಲಿ ಮದುವೆಗಳೆಲ್ಲ ನಿಂತು ಹೂವು ತಿಪ್ಪೆಗೆ ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ತಮ್ಮ ಅದರಿಂದ ಮೇಲೆದ್ದಿಲ್ಲ, ಹೇಳಿಕೊಳ್ಳಲು ನಾಚಿಕೆ, ಎಂದು ತಾನೇ ಲೆಕ್ಕ ಹಾಕಿಕೊಂಡಳು. ಕೇಳಿದರೆ ನೊಂದಾನು ಎಂದು ಕೇಳಲಿಲ್ಲ. ಗಾಡಿ ಹೊರಡುವ ಹೊತ್ತಿಗೆ ರಾಗಿಹಿಟ್ಟಿನ ಚೀಲ, ತುಪ್ಪದ ಡಬ್ಬಿ, ಕಾಲಕ್ಕೆ ತಕ್ಕಂತೆ ಅವರೆಕಾಯಿಯೋ ಮಾವಿನಕಾಯಿಯೋ ಹಿಂದುಗಡೆ ಬಂದು ಕೂತಿರುತ್ತಿದ್ದವು.

"ಅಕ್ಕನ ಪ್ರೀತಿ ನೋಡು" ಎಂದು ಉಮೇಶ ಮನೆಗೆ ಬಂದು ಹೆಂಡತಿಗೆ ಚೀಲ ತೋರಿಸುತ್ತಿದ್ದ.

ದಿವ್ಯ ನೆಟ್ಟಗೆ ಮಾತಾಡುವ ಹೆಂಗಸು. "ಪ್ರೀತಿ ಸರಿ ರೀ. ಅತ್ತಿಗೆ ನಿಮ್ಮನ್ನ ಏನಂದ್ಕೊಂಡಿದ್ದಾರೆ ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದೀರಾ? ಒಂದ್ಸಲ ಹೇಳ್ಬಾರ್ದಾ, ವ್ಯಾಪಾರ ಚೆನ್ನಾಗೈತೆ ಅಂತ?"

"ದುಡ್ಡಿದೆ ಅಂತ ತಮಟೆ ಹೊಡ್ಕೊಂಡು ಹೇಳ್ಬೇಕೇನೇ?" ಎಂದು ಅವನು ನಕ್ಕುಬಿಡುತ್ತಿದ್ದ. ನಿಜ ಹೇಳಬೇಕೆಂದರೆ, ಅಕ್ಕನಿಗೆ ತಿಳಿಯದಿರುವುದರಲ್ಲಿ ಅವನಿಗೊಂದು ಗುಟ್ಟಿನ ಖುಷಿಯಿತ್ತು. ಯಾರಿಗೂ ಕಾಣದ ಬೆಲ್ಲದ ಚೂರನ್ನು ನಾಲಿಗೆಯಡಿ ಇಟ್ಟುಕೊಂಡ ಖುಷಿ. ಆ ಖುಷಿಗೆ ಬೆಲೆ ತೆರುತ್ತಿದ್ದವಳು ಇನ್ನೊಬ್ಬಳು ಎಂದು ಅವನಿಗೆ ಹೊಳೆಯಲಿಲ್ಲ.

ಸುಗಟೂರಿನಲ್ಲಿ ಹಳೆಯ ಹೆಂಚಿನ ಮನೆ ಕೆಡವಿ ಭಾವ ಕೋದಂಡರಾಮಪ್ಪ ತಾರಸಿ ಮನೆ ಕಟ್ಟಿಸಿದರು. ಹಿಪ್ಪುನೇರಳೆ ಸೊಪ್ಪು, ರೇಷ್ಮೆಗೂಡು, ಸೀಮೆಹಸುವಿನ ಹಾಲು, ಇವುಗಳಿಂದಲೇ ಇಟ್ಟಿಗೆಯ ಮೇಲೆ ಇಟ್ಟಿಗೆ ಕೂತದ್ದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತಮ್ಮನ ಬೆವರು. ಮಾಘದಲ್ಲಿ ಗೃಹಪ್ರವೇಶ ಎಂದು ನಿಶ್ಚಯವಾದ ದಿನ ಅವಳು ತಮ್ಮನಿಗೆ ಫೋನು ಮಾಡಿದಳು.

"ಉಮೇಶಾ, ಸಾಮಾನು ಸರಂಜಾಮು ಏನೂ ತರ್ಬೇಡ ಕಣೋ. ತವರಿನ ಸೀರೆ ಒಂದು ತಾ. ಅದನ್ನ ಉಟ್ಕೊಂಡು ಹೊಸಲು ದಾಟ್ತೀನಿ. ಹಸಿರು ಇರ್ಲಿ. ಗಿಳಿಹಸಿರು. ಅಂಚು ಕೆಂಪಗೆ, ಅಗಲವಾಗಿ, ದೂರದಿಂದ ಕಾಣಂಗೆ."

"ಆಯ್ತಕ್ಕಾ."

"ರೇಷ್ಮೆನೇ ಆಗ್ಬೇಕು ಅಂತಿಲ್ಲ. ಈಗ ಮಿಷಿನ್ನಿನ್ದು ಕಡಿಮೆಗೇ ಸಿಗ್ತದಂತೆ, ನೋಡೋಕೆ ಹಂಗೇ ಇರ್ತದಂತೆ. ತಟ್ಟೇಲಿಟ್ಟಾಗ ನಮ್ಮತ್ತೆ ಬಾಯಿ ಮುಚ್ಕೊಂಡ್ರೆ ಸಾಕು." ಹಾಗೆಂದು ಅವಳು ನಕ್ಕಳು. ಉಮೇಶನೂ ನಕ್ಕ. ತವರಿನವರು ತಂದದ್ದನ್ನು ಬಾಗಿಲ ಮುಂದೆ ಚಾಪೆಯ ಮೇಲಿಟ್ಟು ನಾಲ್ಕು ಜನರ ಎದುರು ಬಿಚ್ಚಿ ತೋರಿಸುವುದು ಆ ಕಡೆಯ ಪದ್ಧತಿ. ಗಂಡ ಹೆಂಡತಿ ಅದನ್ನೇ ಉಟ್ಟು ಹಸುವಿನ ಹಿಂದೆ ಒಳಗೆ ಕಾಲಿಡಬೇಕು. ಒಂದು ಮನೆಗೆ ಒಂದೇ ಸಲ.

ಅಕ್ಕನ ಮಾತಿನಲ್ಲಿ 'ಕಡಿಮೆಗೇ ಸಿಗ್ತದಂತೆ' ಎಂಬುದೊಂದು ಅವನ ಕಿವಿಯಲ್ಲಿ ಉಳಿಯಿತು. ಪಾಪ, ಅಕ್ಕನಿಗೆ ತಿಳಿಯದು, ಎಂದುಕೊಂಡ. ಮಿಷಿನ್ ಸೀರೆಯಂತೆ, ಗಿಳಿಹಸಿರಂತೆ! ಅವಳಿಗೆ ಯಾರ ಕಣ್ಣೂ ಕಾಣದಂಥದ್ದು ತರುತ್ತೇನೆ.

ಬೆಂಗಳೂರಿನಲ್ಲಿ ಬೋರ್ಡೇ ಇಲ್ಲದ ಒಂದು ಅಂಗಡಿ ಅವನಿಗೆ ಗೊತ್ತಿತ್ತು. ಅಲ್ಲಿ ಮಾತು ಕೂಡ ಮೆಲ್ಲಗೆ. ಕೈಯಲ್ಲೇ ನೂತ, ಕೈಯಲ್ಲೇ ನೇಯ್ದ ಹತ್ತಿಯ ಸೀರೆಯೊಂದನ್ನು ತೆಗೆದು ಹರಡಿದರು. ಹಾಲಿನ ಬಣ್ಣ. ಅಂಚು ಎಂದರೆ ಒಂದೆಳೆ ಗೆರೆ. ಮುಷ್ಟಿಯಲ್ಲಿ ಹಿಡಿದರೆ ಮುಷ್ಟಿಯೊಳಗೇ ಅಡಗುವಷ್ಟು ನವುರು. ಆ ಮದುವೆಯ ದಿನ ಹುಡುಗಿಯ ತಾಯಿ ಇಂಥದ್ದನ್ನೇ ಉಟ್ಟಿದ್ದಳು. ಝಗಝಗ ಎನ್ನುವ ನೂರು ಹೆಂಗಸರ ನಡುವೆ ಆಕೆ ಒಬ್ಬಳೇ ರಾಣಿಯಾಗಿ ಕಂಡದ್ದು ಉಮೇಶನ ಕಣ್ಣಲ್ಲಿ ಕೂತಿತ್ತು. ಆಕೆಯ ಜಾಗದಲ್ಲಿ ಅಕ್ಕನನ್ನು ನಿಲ್ಲಿಸಿ ನೋಡಿದ. ಕಣ್ಣು ತುಂಬಿ ಬಂತು. ಅವನಲ್ಲಿ ಪ್ರೀತಿ ಇರಲಿಲ್ಲ ಎಂದವರ ನಾಲಿಗೆಗೆ ಹುಳು ಬಿದ್ದೀತು. ಪ್ರೀತಿ ಬೇಕಾದಷ್ಟಿತ್ತು, ಕಿವಿ ಇರಲಿಲ್ಲ.

ಮನೆಯಲ್ಲಿ ಬಿಚ್ಚಿ ತೋರಿಸಿದಾಗ ದಿವ್ಯ ಮುಟ್ಟಿ ನೋಡಿದಳು, ಮಡಿಚಿ ಇಟ್ಟಳು.

"ಚೆನ್ನಾಗೈತೆ. ಅತ್ತಿಗೆ ಕೇಳಿದ್ದು ಹಸಿರಲ್ವಾ?"

"ಹಸಿರು ಯಾರು ಬೇಕಾದ್ರೂ ತರ್ತಾರೆ."

"ಯಾರು ಬೇಕಾದ್ರೂ ತರೋದನ್ನೇ ಅವರು ಇಷ್ಟು ವರ್ಷ ಕಾದಿರೋದು ರೀ. ಇದನ್ನ ಬೇಕಾದ್ರೆ ಇನ್ನೊಂದು ದಿನ ಕೊಡಿ. ಅವತ್ತಿಗೆ ಅಂಚಿರೋ ಸೀರೆ ತಗೊಂಡೋಗಿ. ಕೋಲಾರದಾಗೆ ಸಿಗಲ್ವಾ?"

"ನಿಂಗೆ ಗೊತ್ತಾಗಲ್ಲ ಬಿಡು" ಎಂದುಬಿಟ್ಟ. ಅಷ್ಟರಲ್ಲಿ ಮುಳಬಾಗಿಲಿನಲ್ಲಿ ದಿವ್ಯಳ ತಂದೆಗೆ ಕಣ್ಣಿನ ಆಪರೇಷನ್ ಎಂದು ಕರೆ ಬಂತು, ಅವಳು ಹೊರಟುಹೋದಳು. ಅವಳಿದ್ದಿದ್ದರೆ ಆ ಬೆಳಿಗ್ಗೆ ಹಾಗಾಗುತ್ತಿರಲಿಲ್ಲ ಎಂದು ಉಮೇಶ ಆಮೇಲೆ ಅಂದುಕೊಂಡದ್ದುಂಟು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಗೃಹಪ್ರವೇಶದ ಬೆಳಿಗ್ಗೆ ಅವನು ಗಾಡಿಯ ತುಂಬ ಚೆಂಡುಹೂವು, ಗುಲಾಬಿ ಹೇರಿಕೊಂಡು ಸುಗಟೂರಿಗೆ ಬಂದಿಳಿದ. ಇದ್ದುದರಲ್ಲೇ ಒಳ್ಳೆಯ ಅಂಗಿ ಹಾಕಿದ್ದ. ಎಂದರೆ, ಇದ್ದುದರಲ್ಲೇ ಹೆಚ್ಚು ಸುಕ್ಕಿನದು. ತಾನೇ ಏಣಿ ಹತ್ತಿ ಬಾಗಿಲಿಗೆ ಹೂವು ಕಟ್ಟಿದ. ಶಾಮಿಯಾನದ ಕೆಳಗೆ ಕೂತಿದ್ದ ಹಿರಿಯರ ಸಾಲಿನಿಂದ ಗಂಗುಲಪ್ಪ ಕರೆದರು. ಊರಿನ ನ್ಯಾಯಪಂಚಾಯಿತಿಗೆಲ್ಲ ಮುಂದಾಳು, ಒಳ್ಳೆಯ ಮನುಷ್ಯ, ಬಾಯಿಗೆ ಮಾತ್ರ ಬಾಗಿಲಿಲ್ಲ.

"ಏಮಪ್ಪಾ ಉಮೇಶ, ಹೂವಿನ ಯಾಪಾರ ಪೂರಾ ನಿಂತೋಯ್ತಾ? ನಮ್ಮುಡುಗ ನರಸಾಪುರದ ಕಡೆ ಗೋಡೌನಿನಾಗೆ ಸೂಪರ್‌ವೈಸರು. ಕೇಳ್ತೀನಿ, ನಿಂಗೊಂದು ಕೆಲ್ಸ ಇದ್ರೆ."

"ನಡೀತೈತೆ ಗಂಗುಲಣ್ಣಾ" ಎಂದು ಉಮೇಶ ಮುಗುಳ್ನಕ್ಕ. ಒಳಗೊಳಗೇ ಬೆಲ್ಲ ಚೀಪುತ್ತಿದ್ದ. ಇನ್ನು ಸ್ವಲ್ಪ ಹೊತ್ತು, ತಟ್ಟೆಯ ಮೇಲಿನ ಬಟ್ಟೆ ಸರಿದರೆ ಸಾಕು, ಯಾರಾದರೂ ಒಬ್ಬರು ಗುರುತು ಹಿಡಿದೇ ಹಿಡಿಯುತ್ತಾರೆ ಎಂದು ನಂಬಿದ್ದ. ಶ್ರೀನಿವಾಸಪುರದಿಂದ ಮಾವಿನ ಮಂಡಿಯವರು ಬಂದಿದ್ದರಲ್ಲ.

ಆ ಮಂಡಿಯವರು ಭಾರತಮ್ಮನ ವಾರಗಿತ್ತಿ ಸರಳಾಳ ತವರಿನವರು. ಸರಳಾಳ ಅಣ್ಣ ಮುನಿಕೃಷ್ಣಪ್ಪ ಬಿಳಿ ಪಂಚೆ, ಗರಿಗರಿ ಬಿಳಿ ಅಂಗಿ, ಜೇಬಿನಲ್ಲಿ ಕಾಣುವ ಹಾಗೆ ಫೋನು ಇಟ್ಟುಕೊಂಡು ಬಂದಿದ್ದ. ತಂಗಿಯ ವಾರಗಿತ್ತಿಗೂ ಮುಯ್ಯಿ ಬಿಡಬಾರದೆಂದು ಅವನು ಒಂದು ಸೀರೆ ತಂದಿದ್ದ. ನೇರಳೆ ಬಣ್ಣ, ಗೇಣಗಲ ಜರಿಯಂಚು. ಅದನ್ನು ಮೊದಲು ಬಿಚ್ಚಿದರು. ಹೆಂಗಸರು ಕುತ್ತಿಗೆ ಚಾಚಿದರು. "ಅಬ್ಬಾ, ಏನು ಬಾರ್ಡರು" ಎಂದು ಯಾರೋ ಅಂದರು.

ಆಮೇಲೆ ಪುರೋಹಿತರು, "ತವರಿನ ತಟ್ಟೆ ಬರಲಿ" ಎಂದರು.

ಉಮೇಶ ಎರಡು ಕೈಯಲ್ಲಿ ತಟ್ಟೆ ಹಿಡಿದು ತಂದು ಚಾಪೆಯ ಮೇಲಿಟ್ಟ. ಬಳೆ, ಅರಿಶಿನ ಕುಂಕುಮ, ವೀಳ್ಯದೆಲೆ, ಹಣ್ಣು, ಭಾವನಿಗೆ ಪಂಚೆ. ನಡುವೆ ಸೀರೆ. ಭಾರತಮ್ಮ ಮಿಂದು, ತಲೆಗೆ ಬಟ್ಟೆ ಕಟ್ಟಿಕೊಂಡು, ಹಳೆಯ ಸೀರೆಯಲ್ಲಿ ಗಂಡನ ಪಕ್ಕ ನಿಂತಿದ್ದಳು. ಅವಳ ಮುಖ ನೋಡಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು, ಇಪ್ಪತ್ತೈದು ವರ್ಷದ ಕೆಳಗೆ ಹಸೆಮಣೆಯ ಮೇಲೆ ಕೂತು ಬಾಗಿಲ ಕಡೆ ನೋಡಿದ ಹುಡುಗಿ ಇನ್ನೂ ಅಲ್ಲೇ ಇದ್ದಾಳೆಂದು. ತಟ್ಟೆಯ ಮೇಲಿನ ಬಟ್ಟೆ ತೆಗೆದರು.

ಕುತ್ತಿಗೆ ಚಾಚಿದ್ದ ಹೆಂಗಸರು ಹಿಂದಕ್ಕೆ ಸರಿದರು. ದೊಡ್ಡವೆಂಕಟಮ್ಮ ಬಗ್ಗಿ, ಸೀರೆಯ ಒಂದು ಪದರ ಎತ್ತಿ, ಬೆಳಕಿಗೆ ಹಿಡಿದರು. ಬೆಳಕು ಆಚೆಯಿಂದ ಈಚೆಗೆ ಬಂತು.

"ಏಂಟಿದಿ? ಪಂಚೆನಾ, ಸೀರೆನಾ?" ಎಂದು ಕೇಳಿದರು. ಅವರಿಗೆ ಸಿಟ್ಟು ಬಂದಾಗ ತೆಲುಗು ಮೊದಲು ಬರುತ್ತಿತ್ತು. "ಮುತ್ತೈದೆಗೆ ಬಿಳೀದು ತರ್ತಾರೇನಪ್ಪಾ? ಹೊಸ ಮನೆಗೆ ಕಾಲಿಡೋಳಿಗೆ? ನನ್ ಮಗ ಇನ್ನೂ ಗುಂಡುಕಲ್ಲಿನಂಗೆ ನಿಂತವ್ನೆ."

"ಬಿಳೀದಲ್ಲ ಅತ್ತೆಮ್ಮಾ, ಹಾಲುಬಣ್ಣ" ಎಂದ ಉಮೇಶ.

"ಹಾಲು ಯಾವ ಬಣ್ಣ ಇರ್ತದೆ?"

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಉಮೇಶ ಮಂಡಿಯವರ ಕಡೆ ನೋಡಿದ. ಮುನಿಕೃಷ್ಣಪ್ಪ ಕನಿಕರದಿಂದ ಮುಖ ಬೇರೆ ಕಡೆ ತಿರುಗಿಸಿದ್ದ. ಅಷ್ಟು ಜನರಲ್ಲಿ ಒಬ್ಬರ ಕಣ್ಣಿಗೂ ಅದರ ನೇಯ್ಗೆ ಕಾಣಲಿಲ್ಲ.

ಆಗ ಭಾರತಮ್ಮ ಮುಂದೆ ಬಂದಳು. ಒಂದು ಗಳಿಗೆ ಅವಳ ಮುಖ ಬಾಡಿದ್ದು ನಿಜ, ಆದರೆ ಎತ್ತಿದಾಗ ಅದರಲ್ಲಿ ನಗುವಿತ್ತು. ಅತ್ತೆಯ ಕೈಯಿಂದ ಸೀರೆ ತೆಗೆದುಕೊಂಡು ಎದೆಗೆ ಒತ್ತಿಕೊಂಡಳು.

"ನಾನೇ ಹೇಳಿದ್ದು ಅತ್ತೆ, ಬಿಳೀದೇ ತಾ ಅಂತ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನಮ್ ಟೇಕಲ್ ಕಡೆ ಹಂಗೇ. ತವರಿನೋರು ಬಿಳೀ ಸೀರೆ ತರ್ತಾರೆ, ಮನೆ ಮಗಳು ಹೊಸಲಿನ ಅರಿಶಿನದಲ್ಲಿ ತಾನೇ ಅದ್ದಿ ಉಟ್ಕೋತಾಳೆ. ಅರಿಶಿನದ ಸೀರೆಗಿಂತ ಮಂಗಳ ಯಾವ್ದೈತೆ?"

ಟೇಕಲ್ ಕಡೆ ಅಂಥ ಪದ್ಧತಿ ಯಾವತ್ತೂ ಇರಲಿಲ್ಲ. ಅವಳು ನಿಂತ ನಿಲುವಿನಲ್ಲಿ ಹುಟ್ಟಿಸಿದ್ದಳು. ಪುರೋಹಿತರು ತಲೆದೂಗಿದರು, ಅರಿಶಿನ ಎಂದ ಮೇಲೆ ಅವರಿಗೆ ತಕರಾರಿಲ್ಲ. ದೊಡ್ಡವೆಂಕಟಮ್ಮ ಕೂಡ, "ಅಂಗಾ" ಎಂದು ಸುಮ್ಮನಾದರು. ಹೊಸಲು ತೊಳೆಯಲು ಅರಿಶಿನ ಕಲಸಿಟ್ಟಿದ್ದ ಬಕೆಟ್ಟು ಬಾಗಿಲ ಪಕ್ಕದಲ್ಲೇ ಇತ್ತು. ಭಾರತಮ್ಮ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕೂರುವಾಗ ತಮ್ಮನ ಕಡೆ ನೋಡಿ ಕಣ್ಣಲ್ಲೇ ಹೇಳಿದಳು: ಹೆದರಬೇಡ, ನಾನಿದೀನಿ. ಚಿಕ್ಕವನಿದ್ದಾಗ ಅಪ್ಪನ ಬೆತ್ತಕ್ಕೆ ಅಡ್ಡ ನಿಲ್ಲುವಾಗ ನೋಡುತ್ತಿದ್ದ ಹಾಗೆ.

ಸೆರಗು ಅರಿಶಿನದ ನೀರಿಗೆ ಇಳಿಯಿತು. ಹತ್ತಿ, ಅದರಲ್ಲೂ ಅಂಥ ನವುರು ಹತ್ತಿ, ಬಣ್ಣವನ್ನು ಬಾಯಿ ಬಿಟ್ಟು ಕುಡಿಯಿತು. ಉಮೇಶ ನೋಡುತ್ತಿದ್ದ. ಅಕ್ಕ ತನ್ನ ಮಾನ ಕಾಯುತ್ತಿದ್ದಾಳೆ ಎಂಬುದು ಅವನಿಗೆ ಕಾಣಲಿಲ್ಲ. ಅವನಿಗೆ ಕಂಡದ್ದು ಸೀರೆ.

"ಅಕ್ಕಾ, ಬೇಡ! ಅದ್ದಬೇಡ! ಅದು ಎಪ್ಪತ್ತು ಸಾವಿರದ ಸೀರೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೊದಲು ಕೇಳಿದ್ದು ಗಂಗುಲಪ್ಪನವರ ನಗು.

"ಎಪ್ಪತ್ತು ಸಾವ್ರಾನಾ! ಅಂಗಾದ್ರೆ ನನ್ ಟವಲ್ಲು ಒಂದು ಲಕ್ಷ ಕಣಪ್ಪೋ!"

ಎಲ್ಲರೂ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾನು ಸುಳ್ಳು ಹೇಳ್ತಿಲ್ಲ. ಕೈಯಲ್ಲಿ ನೂತಿರೋದು. ಈ ಅಂಗೀನೂ ಅಷ್ಟೇ, ಹದಿನೆಂಟು ಸಾವಿರ" ಎಂದು ಉಮೇಶ ಎದೆಯ ಮೇಲಿನ ಬಟ್ಟೆ ಹಿಡಿದು ತೋರಿಸಿದ. ಅದನ್ನು ನೋಡಿ ಇನ್ನೂ ನಕ್ಕರು. ವರ್ಷಗಟ್ಟಲೆ ನಾಲಿಗೆಯಡಿ ಇಟ್ಟುಕೊಂಡಿದ್ದ ಮಾತು ಕೊನೆಗೂ ಹೊರಗೆ ಬಂದಿತ್ತು, ಬಂದ ಜಾಗ ಇದು. ಕೋದಂಡರಾಮಪ್ಪ ತಲೆ ತಗ್ಗಿಸಿದರು. "ಪಾಪ, ಬುದ್ಧಿಗೇನೋ ಆಗೈತೆ, ವ್ಯಾಪಾರ ಹೋದ ಮೇಲೆ" ಎಂದು ಯಾರೋ ಹೆಂಗಸು ಇನ್ನೊಬ್ಬಳ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಒಬ್ಬಳು ನಗಲಿಲ್ಲ. ಭಾರತಮ್ಮ ಬಕೆಟ್ಟಿನಲ್ಲಿ ಕೈ ಇಟ್ಟುಕೊಂಡೇ ತಮ್ಮನನ್ನು ನೋಡುತ್ತಿದ್ದಳು. ಅಂಗಿ ನೋಡಿದಳು, ಪ್ಯಾಂಟು ನೋಡಿದಳು, ಚಪ್ಪಲಿ ನೋಡಿದಳು. ಅಷ್ಟು ಜನರಲ್ಲಿ ಅವನನ್ನು ನಂಬಿದವಳು ಅವಳೊಬ್ಬಳೇ. ತಮ್ಮ ಹುಟ್ಟಿದಾಗಿನಿಂದ ಅವನ ಸುಳ್ಳಿನ ಮುಖವೂ ಗೊತ್ತು, ನಿಜದ ಮುಖವೂ ಗೊತ್ತು.

ಅವಳು ಮೆಲ್ಲಗೆ ಸೀರೆ ಮೇಲೆತ್ತಿದಳು. ಅರ್ಧ ಹಳದಿ, ಅರ್ಧ ಹಾಲು. ಹಿಂಡಿ, ಮಡಿಚಿ, ಬಕೆಟ್ಟಿನ ಅಂಚಿಗೆ ಹಾಕಿದಳು. ಎದ್ದು ನಿಂತು, ಯಾರ ಮುಖವನ್ನೂ ನೋಡದೆ, "ಸರಳಾ, ನಿಮ್ಮಣ್ಣ ತಂದಿರೋ ಸೀರೆ ಕೊಡೇ. ಮುಹೂರ್ತ ಮೀರ್ತದೆ" ಎಂದಳು.

ಸರಳಾ ಕೆಟ್ಟವಳಲ್ಲ. ನೇರಳೆ ಸೀರೆಯನ್ನು ತಂದರೂ ತಕ್ಷಣ ಕೈಬಿಡಲಿಲ್ಲ. "ಅಕ್ಕಾ, ಇದು ನಮ್ ತವರಿನ್ದು" ಎಂದಳು ಸಣ್ಣಗೆ. "ಗೊತ್ತು ಕಣೇ" ಎಂದಳು ಭಾರತಮ್ಮ.

ಹಸು ಒಳಗೆ ಹೋಯಿತು. ಅದರ ಹಿಂದೆ ಭಾರತಮ್ಮ ಕಳಶ ಹಿಡಿದು, ತನ್ನ ಬೆವರಿನ ಮನೆಯ ಹೊಸಲನ್ನು ಇನ್ನೊಬ್ಬಳ ತವರಿನ ಸೀರೆಯಲ್ಲಿ ದಾಟಿದಳು. ಜನ ನುಗ್ಗಿದರು. ಉಮೇಶ ಹೊರಗೇ ಉಳಿದ. ಒಳಗಿನಿಂದ ಹಾಲುಕ್ಕಿತು ಎಂದು ಕೂಗಿದ್ದು ಕೇಳಿಸಿತು.

ಊಟಕ್ಕೆ ಅವನನ್ನು ಯಾರೂ ಕಡೆಗಣಿಸಲಿಲ್ಲ. ಭಾವ ತಾವೇ ಬಂದು ಕೈ ಹಿಡಿದು ಕೂರಿಸಿದರು, ಒಬ್ಬಟ್ಟು ಬಡಿಸಿದರು. ಗಂಗುಲಪ್ಪ, "ತಮಾಷೆಗಂದೆ ಕಣಪ್ಪಾ, ಮನಸ್ಸಿಗೆ ಹಚ್ಕೋಬೇಡ" ಎಂದು ಬೆನ್ನು ತಟ್ಟಿದರು. ಉಮೇಶ ಒಬ್ಬಟ್ಟು ಮುರಿದು ಹಾಗೇ ಬಿಟ್ಟ. ಎಲೆ ಮಡಿಚಿ ಎದ್ದು, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದ.

ಹುಳುಮನೆಯ ಪಕ್ಕದ ನಲ್ಲಿಯಲ್ಲಿ ಭಾರತಮ್ಮ ಕೈ ಉಜ್ಜಿಕೊಳ್ಳುತ್ತಿದ್ದಳು. ಅರಿಶಿನ ಹೋಗುತ್ತಿರಲಿಲ್ಲ. ನೇರಳೆ ಸೀರೆಯನ್ನು ಆಗಲೇ ಬಿಚ್ಚಿ ಸರಳಾಗೆ ಮಡಿಚಿ ಕೊಟ್ಟು, ದಿನ ಉಡುವ ಸೀರೆ ಉಟ್ಟಿದ್ದಳು.

"ಊಟ ಆಯ್ತೇನೋ?"

"ಆಯ್ತಕ್ಕಾ." ನಲ್ಲಿಯ ಹತ್ತಿರಕ್ಕೆ ಬಂದ. "ಅಕ್ಕಾ, ನಾನು ಹೇಳಿದ್ದು ನಿಜ. ಸುಳ್ಳಲ್ಲ."

"ಗೊತ್ತು."

"ಅವರಿಗೆ ಗೊತ್ತಾಗ್ಲಿಲ್ಲ. ಅದು ಎಂಥಾ ಸೀರೆ ಅಂದ್ರೆ..."

"ಉಮೇಶಾ" ಎಂದು ಅವಳು ನಲ್ಲಿ ನಿಲ್ಲಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ನಿನ್ ಕೈಯಾಗೆ ಇಲ್ಲ ಅಂದ್ಕೊಂಡಿದ್ದೆ ಕಣೋ. ಆ ಬಿಳೀ ಸೀರೆ ನೋಡ್ದಾಗ ನಂಗೆ ಒಂಚೂರೂ ಬೇಜಾರಾಗ್ಲಿಲ್ಲ. ಅಂಥಾ ಕಷ್ಟದಾಗೂ ನನ್ ತಮ್ಮ ಬರಿಗೈಯಾಗೆ ಬರ್ಲಿಲ್ಲ, ಆದಷ್ಟರಲ್ಲಿ ಒಂದು ತಂದ ಅಂತ. ಅರಿಶಿನಕ್ಕೆ ಕೈ ಹಾಕ್ದಾಗ ನಂಗೆ ಖುಷಿನೇ ಇತ್ತು. ಅದನ್ನೇ ಉಟ್ಕೊಂಡು ತಲೆ ಎತ್ಕೊಂಡು ಹೋಗ್ತಿದ್ದೆ."

ಉಮೇಶ ಅವಳ ಅರಿಶಿನ ಹತ್ತಿದ ಕೈಗಳನ್ನು ನೋಡಿದ.

"ಇದ್ದೂ ಅದನ್ನ ತಂದ್ಯಲ್ಲೋ."

"ಒಳ್ಳೇದು ಅಂತ ತಂದೆ ಅಕ್ಕಾ. ನಿಂಗೆ ಎಲ್ಲಾರಿಗಿಂತ ಒಳ್ಳೇದು ಕೊಡ್ಬೇಕು ಅಂತ."

"ಇರ್ಬೌದು. ನಾನು ಕೇಳಿದ್ದು ಹಸಿರು."

ಅವನು ಇಷ್ಟು ವರ್ಷ ತನ್ನ ಬಟ್ಟೆಯನ್ನು ಯಾರೂ ನೋಡುವುದಿಲ್ಲವೆಂದು ಕೊರಗಿದ್ದ. ಒಬ್ಬಳು ನೋಡುತ್ತಲೇ ಇದ್ದಳು. ಬಂದಾಗಲೆಲ್ಲ ಕಾಲರು ಮುಟ್ಟಿ, ಒಳಗೊಳಗೇ ಸಂಕಟಪಟ್ಟು, ತನ್ನ ಮನೆಯ ರಾಗಿ ತೆಗೆದು ಅವನ ಗಾಡಿಗೆ ಹಾಕಿದ್ದಳು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಬೇಕಾದ ಕಡೆ ಹೇಳಲಿಲ್ಲ, ಬಾಯಿ ಮುಚ್ಚಿಕೊಂಡಿರಬೇಕಾದ ಕಡೆ ಕೂಗಿದ. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ನಾಳೆನೇ ಕೋಲಾರಕ್ಕೆ ಹೋಗ್ತೀನಿ ಅಕ್ಕಾ. ಗಿಳಿಹಸಿರು. ಕೆಂಪಂಚು. ನೀನು ಹೇಳಿದಂಥದ್ದೇ ತರ್ತೀನಿ."

ಭಾರತಮ್ಮ ಅವನ ಅಂಗಿಯ ಮೇಲೆ ಬಿದ್ದಿದ್ದ ಚೆಂಡುಹೂವಿನ ಎಸಳೊಂದನ್ನು ತೆಗೆದು ಹಾಕಿದಳು. ಬಟ್ಟೆಯನ್ನು ಬೆರಳಿನಲ್ಲಿ ಹಿಡಿದು ನೋಡಲಿಲ್ಲ.

"ಹೊಸಲು ದಾಟಾಯ್ತಲ್ಲೋ" ಎಂದಳು.

ಒಳಗಿನಿಂದ ಯಾರೋ ಕೂಗಿದರು, ಎರಡನೇ ಪಂಕ್ತಿ ಕೂತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು, ತುಪ್ಪದ ಗಿಂಡಿ ಎತ್ತಿಕೊಂಡು ಒಳಗೆ ಹೋದಳು. ಉಮೇಶ ನಲ್ಲಿಯ ಬಳಿ ನಿಂತೇ ಇದ್ದ. ಒಳಗೆ ದೊಡ್ಡವೆಂಕಟಮ್ಮ ಹೊಸದಾಗಿ ಬಂದವರಿಗೆ ಬೆಳಗಿನ ಕತೆ ಹೇಳುತ್ತಿದ್ದರು, ನಗು ಹಿತ್ತಲಿನವರೆಗೂ ಕೇಳಿಸುತ್ತಿತ್ತು. ಬೆಳಿಗ್ಗೆ ಅವನಿಗೆ ಅಡ್ಡ ನಿಂತಿದ್ದ ಭಾರತಮ್ಮನ ದನಿ ಮಾತ್ರ ಈಗ ಕೇಳಿಸಲಿಲ್ಲ.